ಹೊಳೆಯ ಚಿತ್ರವನ್ನು ಬರೆದವರು

ಬಾನುಲಿಯ ಮೂಲಕ ಚಿತ್ರಗಳ ವಿಚಾರವನ್ನು ಹೇಳಹೊರಡುವುದು ಸ್ವಲ್ಪ ಸಾಹಸದ ಕೆಲಸವೇ ಸರಿ. ಕೇಳುವವರ ಕಣ್ಣೆದುರಿಗೆ ಚಿತ್ರವಿರುವುದಿಲ್ಲ. ಹೇಳುವವರ ಬಳಿ ಮಾತಲ್ಲದೆ ಬೇರೆ ಬಣ್ಣವಿರುವುದಿಲ್ಲ. ಆದುದರಿಂದ ಚಿತ್ರವನ್ನು ಕಾಣಿಸಿಬಿಡುವ ಹಟವನ್ನು ಮೊದಲೇ ಬಿಟ್ಟು, ಹೊಳೆಯನ್ನು ಬರೆದ ಚಿತ್ರಕಾರನು ಎಲ್ಲಿ ನಿಂತು ಬರೆದನು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಈ ಹೊತ್ತು ಕೆಲವು ಮಾತುಗಳನ್ನು ಆಡಬೇಕೆಂದಿದ್ದೇವೆ. ಈ ಪ್ರಶ್ನೆಯು ನಮಗೆ ದೊರೆತದ್ದು ಕಾಲೇಜಿನ ಪುಸ್ತಕಭಂಡಾರದಲ್ಲಿ ಅಲ್ಲ. ಭರಮಸಾಗರದ ಒಂದು ಮನೆಯ ಪಡಸಾಲೆಯಲ್ಲಿ.

ಭರಮಸಾಗರದಲ್ಲಿ ನಮ್ಮ ಸೋದರಮಾವನವರ ಮನೆಯಿದೆ. ಅವರು ಹೊಲಮನೆಗಳನ್ನು ನೋಡಿಕೊಂಡಿರುವ ವೃದ್ಧರು. ಕೆಲವು ವರ್ಷಗಳ ಹಿಂದೆ ಅವರು ಹೊಸದಾಗಿ ಮನೆ ಕಟ್ಟಿಸಿದಾಗ, ಗೃಹಪ್ರವೇಶಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ನಾವು ಒಂದು ಚಿತ್ರದ ವರ್ಣಪ್ರತಿಯನ್ನು ಚೌಕಟ್ಟು ಹಾಕಿಸಿ ಕೊಂಡುಹೋಗಿದ್ದೆವು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಾರ ಶಾರ್ಲ್ ಫ್ರಾನ್ಸ್ವಾ ದೋಬಿನಿ ಎಂಬಾತನು ಬರೆದ ನದೀದೃಶ್ಯವದು. ಅಗಲವಾದ ನೀರು, ಎರಡು ಕಡೆಯೂ ತಗ್ಗಾದ ಹಸುರು ದಡ, ದೂರದಲ್ಲಿ ಮರಗಳ ಸಾಲು, ಮೇಲೆ ಸಂಜೆಯ ಬಾನು, ಕೆಳಗೆ ನೀರಿನಲ್ಲಿ ಅದೇ ಬಾನು. ಮಾವನವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, “ಅಲ್ಲಪ್ಪಾ, ಇಷ್ಟೊಂದು ನೀರು ನಿಂತೈತೆ, ಏರಿ ಎಲ್ಲೂ ಕಾಣಾಕಿಲ್ಲವಲ್ಲ? ತೂಬು ಯಾವ ಕಡೀಗೈತೆ?” ಎಂದು ಕೇಳಿದರು.

“ಇದು ಕೆರೆಯಲ್ಲ ಮಾವ, ಹೊಳೆ” ಎಂದೆವು.

“ಹೊಳೆ ಅಂದಮೇಲೆ ಹರೀಬೇಕು. ಇದು ನಿಂತಂಗೈತೆ” ಎಂದು ಹೇಳಿ, ಅತಿಥಿಗಳನ್ನು ಉಪಚರಿಸಲು ಎದ್ದುಹೋದರು.

ಅಲ್ಲಿದ್ದ ವಿದ್ಯಾವಂತರೆಲ್ಲರೂ ನಕ್ಕರು, ನಾವೂ ನಕ್ಕೆವು. ಆ ನಗೆಗಾಗಿ ಆಮೇಲೆ ನಾವು ನಾಚಬೇಕಾಯಿತು. ಅದೇಕೆಂಬುದನ್ನು ಮುಂದೆ ಹೇಳುತ್ತೇವೆ.

ಭರಮಸಾಗರವು ಚಿತ್ರದುರ್ಗದಿಂದ ದಾವಣಗೆರೆಯ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ಊರೆಂಬುದನ್ನು ಕೇಳುವವರಲ್ಲಿ ಅನೇಕರು ಬಲ್ಲರು. ದುರ್ಗದ ಪಾಳೆಯಗಾರರಲ್ಲಿ 1689ರಿಂದ 1721ರ ವರೆಗೆ ಆಳಿದ ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರು ಕೆರೆಗೆ ಬಂದಿತು. ಕೆರೆಯ ಹೆಸರು ಊರಿಗೆ ಬಂದಿತು. ಊರಿಗೆ ನದಿಯಿಲ್ಲ. ಮಳೆ ಕಡಮೆಯಾದ ಈ ಸೀಮೆಯಲ್ಲಿ ನೀರೆಂಬುದು ತಾನಾಗಿ ಹರಿದು ಬರುವ ವಸ್ತುವಲ್ಲ. ಅರಸನು ಕಟ್ಟಿಸಿ, ನೀರುಗಂಟಿಯು ಕಾದು, ರೈತನು ಅಳೆದು ಹಂಚಿಕೊಳ್ಳುವ ವಸ್ತು. ಜಿಲ್ಲೆಯ ನದಿಯಾದ ವೇದಾವತಿಯ ಕಥೆಯೂ ಇಂತಹುದೇ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಅದಕ್ಕೆ ಅಡ್ಡಲಾಗಿ 1898ರಿಂದ 1907ರ ವರೆಗೆ ಅಣೆಕಟ್ಟೆಯನ್ನು ಕಟ್ಟಿ ವಾಣೀವಿಲಾಸಸಾಗರವೆಂದು ಹೆಸರಿಟ್ಟರು. ಅದರ ಪೂರ್ಣಮಟ್ಟ 130 ಅಡಿ. 1933ರಲ್ಲಿ ಅದು ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವಣ 89 ವರ್ಷಗಳ ಕಾಲ ಮೂರು ತಲೆಮಾರಿನ ಜನ ಆ ಕಟ್ಟೆಯ ಮೇಲೆ ನಿಂತು ನೋಡಿದ್ದು ನೀರಿನ ಚೆಲುವನ್ನಲ್ಲ, ಅಡಿಗಳ ಲೆಕ್ಕವನ್ನು. ಈ ಜಿಲ್ಲೆಯಲ್ಲಿ ಇಬ್ಬರು ಸಂಧಿಸಿದರೆ ಕೆರೆಯಲ್ಲಿ ನೀರೆಷ್ಟಿದೆಯೆಂಬುದೇ ಮೊದಲ ಮಾತು. ಮಾವನವರು ಚಿತ್ರದಲ್ಲಿ ತೂಬನ್ನು ಹುಡುಕಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಆದರೆ ದುರ್ಗದ ಸೀಮೆಯ ಜನರು ಮಹಾನದಿಯೊಂದರ ದಡದಲ್ಲಿ ಬಾಳಿದ ಒಂದು ಪ್ರಕರಣವೂ ಚರಿತ್ರೆಯಲ್ಲಿ ಉಂಟು. ಅದು ಅವರ ಇಚ್ಛೆಯಿಂದ ಆದುದಲ್ಲ. 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಹಿಡಿದು, ಕಡೆಯ ಮದಕರಿನಾಯಕನನ್ನು ಪರಿವಾರಸಮೇತ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿದನು. ಅಷ್ಟಕ್ಕೇ ತೃಪ್ತನಾಗದೆ ದುರ್ಗದ ಬೇಡರನ್ನು, ಹಳೆಯ ಗ್ಯಾಸೆಟಿಯರಿನ ಲೆಕ್ಕದಂತೆ ಸುಮಾರು 20,000 ಮಂದಿಯನ್ನು, ಮನೆಮಠ ಬಿಡಿಸಿ ಕಾವೇರಿಯ ನಡುವಿನ ಆ ದ್ವೀಪದಲ್ಲಿ ನೆಲೆಗೊಳಿಸಿದನು. ಅವರ ಹುಡುಗರನ್ನು ಆರಿಸಿ ಚೇಲಾ ಎಂಬ ಪಡೆಗಳಿಗೆ ಸೇರಿಸಿದನು. ಆತನ ಮಗ ಟೀಪುವೂ ತಂದೆಯ ದಾರಿಯನ್ನೇ ಹಿಡಿದು, ಶಿರಾಪಟ್ಟಣದಿಂದ 12,000 ಕುಟುಂಬಗಳನ್ನು ಕರೆತಂದು ಅದೇ ದ್ವೀಪದ ಗಂಜಾಮಿನಲ್ಲಿ ತುಂಬಿದನೆಂದು ಅದೇ ಗ್ರಂಥವು ಹೇಳುತ್ತದೆ. ಪೂರ್ವಪಶ್ಚಿಮವಾಗಿ 3 ಮೈಲಿ ಉದ್ದ, ಹೆಚ್ಚೆಂದರೆ 1 ಮೈಲಿ ಅಗಲ. ಇದು ಆ ದ್ವೀಪದ ವಿಸ್ತಾರ. ಕೆರೆಯ ನೀರಿಗಾಗಿ ಆಕಾಶವನ್ನು ನೋಡುತ್ತಿದ್ದ ಜನಕ್ಕೆ ಈಗ ನಾಲ್ಕು ದಿಕ್ಕಿಗೂ ನೀರು. ಆ ನೀರೇ ಸೆರೆಮನೆಯ ಗೋಡೆ. ಅವರ ಕಣ್ಣಿಗೆ ಕಾವೇರಿಯು ಹೇಗೆ ಕಂಡಿತೆಂಬುದನ್ನು ಹೇಳುವ ಚಿತ್ರ ಒಂದೂ ಇಲ್ಲ.

ಇತರರ ಕಣ್ಣಿಗೆ ಹೇಗೆ ಕಂಡಿತೆಂಬುದಕ್ಕೆ ಮಾತ್ರ ಬೇಕಾದಷ್ಟು ಚಿತ್ರಗಳಿವೆ. ನಮ್ಮ ನಾಡಿನ ನದಿಗಳಲ್ಲಿ ಕುಂಚಕ್ಕೆ ಅಷ್ಟೊಂದು ಸಿಕ್ಕಿದ ಮೊದಲ ನದೀಭಾಗವು ಶ್ರೀರಂಗಪಟ್ಟಣದ ಕಾವೇರಿಯೇ ಎಂದು ನಮ್ಮ ನಂಬಿಕೆ.

ಮೊದಲು ದ್ವೀಪದ ಒಳಗಿನ ಚಿತ್ರವನ್ನು ನೋಡೋಣ. 1784ರಲ್ಲಿ ಟೀಪುವು ದರಿಯಾ ದೌಲತ್ ಎಂಬ ಬೇಸಗೆಯ ಅರಮನೆಯನ್ನು ಕಟ್ಟಿಸಿದನು. ಪಾರಸೀ ಭಾಷೆಯಲ್ಲಿ ದರಿಯಾ ಎಂದರೆ ಸಮುದ್ರ. ಮಹಾನದಿಗೂ ಆ ಮಾತು ಸಲ್ಲುತ್ತದೆ. ಹೆಸರು ನೀರಿನದು, ತೋಟವಿರುವುದು ನೀರಿನ ಬಳಿಯಲ್ಲಿ. ಆದರೆ ಪಶ್ಚಿಮದ ಗೋಡೆಯನ್ನು ತುಂಬಿಕೊಂಡಿರುವುದು 1780ರ ಪೊಳ್ಳಿಲೂರಿನ ಕಾಳಗ. ಆನೆ ಕುದುರೆಗಳು, ಮದ್ದಿನ ಬಂಡಿ ಸಿಡಿದು ಎದ್ದ ಜ್ವಾಲೆ, ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುವ ಕರ್ನಲ್ ಬೇಲಿ, ದೂರದರ್ಶಕದಲ್ಲಿ ರಣರಂಗವನ್ನು ನೋಡುತ್ತಿರುವ ಫ್ರೆಂಚ್ ಸೇನಾನಿ ಲಾಲಿ. ಬರೆದವರು ನಿಜವಾಗಿಯೂ ಕೈಚಳಕವುಳ್ಳವರು; ಮೀಸೆಯ ಒಂದೊಂದು ಬಗೆಯನ್ನೂ ಬಲ್ಲವರು. ಹತ್ತಿರದಲ್ಲೇ ಹರಿಯುತ್ತಿದ್ದ ಕಾವೇರಿಯು ಮಾತ್ರ ಆ ಯುದ್ಧದ ಗೋಡೆಯ ಮೇಲೆ ಬರಲಿಲ್ಲ. ಇದನ್ನು ದೋಷವೆಂದು ನಾವು ಹೇಳುವುದಿಲ್ಲ. ನಮ್ಮ ಹಳೆಯ ಚಿತ್ರಕಾರನಿಗೆ ನದಿಯು ಪುರಾಣಕಥೆಯ ಅಂಗವಾಗಿ ಬರಬಹುದು, ಮಕರವಾಹಿನಿಯಾದ ದೇವತೆಯಾಗಿ ಬರಬಹುದು. ಕೇವಲ ನದಿಯಾಗಿ ಬರುವ ಅಗತ್ಯವು ಆತನಿಗೆ ತೋರಲಿಲ್ಲ. ಪ್ರತಿದಿನವೂ ಮೀಯುವ ನೀರನ್ನು ಗೋಡೆಯ ಮೇಲೆ ಬರೆದಿಡುವವರಾರು?

ಕೇವಲ ನದಿಯನ್ನು ನೋಡಿದವರು ಅದನ್ನು ದಾಟಬೇಕಾಗಿದ್ದವರು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ದಂಡು ಬೆಂಗಳೂರಿನಿಂದ ಹೊರಟು ಶ್ರೀರಂಗಪಟ್ಟಣದ ಎದುರಿಗೆ ಬಂದಿತು. ಅರಕೆರೆಯ ಬಳಿ ಹೊಳೆಯನ್ನು ಹಾಯಬೇಕೆಂದರೆ ತಳವೆಲ್ಲ ಬಂಡೆ, ಮೇಲಾಗಿ ಏರುತ್ತಿರುವ ನೀರು. 15ನೆಯ ತಾರೀಖು ನಡೆದ ಕಾಳಗದಲ್ಲಿ ಗೆಲವು ದೊರೆತರೂ ಅದರಿಂದ ಪ್ರಯೋಜನವಾಗಲಿಲ್ಲ. ಮೇಲುಗಡೆಯ ಕನ್ನಂಬಾಡಿಯ ಬಳಿ ದಾಟಿ ಮುಂಬಯಿಯ ಸೈನ್ಯವನ್ನು ಕೂಡಿಕೊಳ್ಳೋಣವೆಂದು ಅಲ್ಲಿಗೆ ಹೋದರು. ಅಷ್ಟರಲ್ಲಿ ದನಗಳು ಸತ್ತವು, ದವಸ ಮುಗಿಯಿತು, ಮಳೆ ಹಿಡಿಯಿತು. ಎಳೆದುಕೊಂಡು ಬಂದ ಕೋಟೆ ಒಡೆಯುವ ಫಿರಂಗಿಗಳನ್ನು ತಾವೇ ಒಡೆದು ಹಾಕಿ ಹಿಂದಿರುಗಿದರು. ಆ ವರ್ಷ ಶ್ರೀರಂಗಪಟ್ಟಣವನ್ನು ಉಳಿಸಿದವರಲ್ಲಿ ಕಾವೇರಿಯನ್ನೂ ಒಬ್ಬಳೆಂದು ಎಣಿಸಬೇಕು. ಮುಂದಿನ ವರ್ಷ ಫೆಬ್ರವರಿ 6ನೆಯ ತಾರೀಖಿನ ರಾತ್ರಿ, ನೀರು ಇಳಿದಿದ್ದ ಕಾಲವನ್ನು ನೋಡಿ, ದಂಡು ಹೊಳೆಯನ್ನು ಹಾಯ್ದು ದ್ವೀಪದ ಮೇಲೆ ಕಾಲಿಟ್ಟಿತು. ಟೀಪುವು ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು ಸಂಧಿ ಮಾಡಿಕೊಂಡನು.

ಈ ದಂಡಿನೊಡನೆ ಬಂದ ಚಿತ್ರಕಾರನು ರಾಬರ್ಟ್ ಹೋಮ್. 1791ರಲ್ಲಿ ಮದರಾಸಿಗೆ ಬಂದಿಳಿದು, ಅಪ್ಪಣೆ ಪಡೆದು ಸೈನ್ಯವನ್ನು ಹಿಂಬಾಲಿಸಿದನು. ಟೀಪುಸುಲ್ತಾನನ ದೇಶವಾದ ಮೈಸೂರಿನ ಆಯ್ದ ದೃಶ್ಯಗಳು ಎಂಬ ಅರ್ಥದ ಹೆಸರಿನಲ್ಲಿ ಆತನ 29 ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ರಾಬರ್ಟ್ ಕೋಲ್‌ಬ್ರೂಕ್ ಎಂಬ ಇನ್ನೊಬ್ಬನು ಮೈಸೂರುರಾಜ್ಯದ 12 ದೃಶ್ಯಗಳನ್ನು ಪ್ರಕಟಿಸಿದನು. ಅವನು ವೃತ್ತಿಯಲ್ಲಿ ಭೂಮಾಪಕ, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಜೇಮ್ಸ್ ಹಂಟರ್ ಎಂಬವನು ಫಿರಂಗಿದಳದ ಲೆಫ್ಟೆನೆಂಟ್. 1792ರಲ್ಲಿಯೇ ತೀರಿಹೋದನು, ಅವನ ಚಿತ್ರಗಳು ಮುಂದಿನ ಶತಮಾನದ ಆರಂಭದಲ್ಲಿ ಅಚ್ಚಾದವು. ದಂಡಿನ ಚಿತ್ರಕಾರ, ಅಳತೆಗಾರ, ಗೋಲಂದಾಜ. ಈ ಮೂವರ ಕಸುಬುಗಳನ್ನು ಕೇಳಿದ ಮೇಲೆ ಅವರ ಕಾವೇರಿಯು ಎಂತಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ನಾವು ನೋಡಿದ ಪ್ರತಿಗಳಲ್ಲಿ ಶ್ರೀರಂಗಪಟ್ಟಣದ ದೃಶ್ಯಗಳ ಅಂಗರಚನೆಯು ಬಹುಮಟ್ಟಿಗೆ ಒಂದೇ. ಮುಂಭಾಗದಲ್ಲಿ ಎತ್ತರವಾದ ನೆಲ, ಅದರ ಮೇಲೆ ಒಂದು ಮರವೋ ಬಂಡೆಯೋ, ಅಳತೆ ತಿಳಿಯಲೆಂದು ಒಬ್ಬಿಬ್ಬರು ಮನುಷ್ಯರು. ಆಚೆ ದೂರದಲ್ಲಿ ಕೋಟೆಯ ಗೋಡೆ, ಮಸೀದಿಯ ಎರಡು ಮಿನಾರುಗಳು, ರಂಗನಾಥಸ್ವಾಮಿಯ ಗೋಪುರ. ನಡುವೆ ಬೆಳ್ಳನೆಯ ಪಟ್ಟಿಯಂತೆ ಹೊಳೆ. ಆ ಕಾಲದ ಇಂಗ್ಲೆಂಡಿನಲ್ಲಿ ಪಿಕ್ಚರೆಸ್ಕ್ ಎಂಬ ಒಂದು ಸೌಂದರ್ಯಸೂತ್ರವು ಪ್ರಚಾರದಲ್ಲಿತ್ತು. ಪಕ್ಕದಲ್ಲಿ ಮರವನ್ನು ತೆರೆಯಂತೆ ನಿಲ್ಲಿಸು, ಮುಂಭಾಗವನ್ನು ಕಪ್ಪಾಗಿಸು, ದೂರವನ್ನು ಮಸುಕಾಗಿಸು ಎಂಬಂತಹ ಕಟ್ಟಳೆಗಳು. ಆ ಸೂತ್ರಕ್ಕೂ ಪಹರೆಯವನ ದೃಷ್ಟಿಗೂ ಇಲ್ಲಿ ಎಷ್ಟು ಸುಲಭವಾಗಿ ಹೊಂದಿಕೆಯಾಗಿದೆಯೆಂಬುದನ್ನು ಗಮನಿಸಬೇಕು. ಇಬ್ಬರಿಗೂ ಬೇಕಾದುದು ಎತ್ತರದ ನೆಲ. ಇಬ್ಬರಿಗೂ ಹೊಳೆಯೆಂದರೆ ತಾವು ನಿಂತ ನೆಲಕ್ಕೂ ಕಣ್ಣಿಟ್ಟ ವಸ್ತುವಿಗೂ ನಡುವಣ ಅಂತರ. ಗಂಜಾಮಿನ ಬೀದಿಗಳೂ ದುರ್ಗದಿಂದ ಬಂದವರ ಮನೆಗಳೂ ಆ ಗೋಡೆಯ ಗೆರೆಯ ಆಚೆಗೆ ಎಲ್ಲೋ ಅಡಗಿಹೋಗಿವೆ. ನಮ್ಮ ಸೀಮೆಯವರ ವಂಶಸ್ಥರಾದ ನಾವು ಆ ಚಿತ್ರವನ್ನು ನೋಡುವಾಗಲೂ, ಮುತ್ತಿಗೆ ಹಾಕಿದವರ ಪಕ್ಕದಲ್ಲಿ ನಿಂತೇ ನೋಡಬೇಕಾಗಿದೆ. ಇದೊಂದು ವಿಚಿತ್ರವಾದ ಇಕ್ಕಟ್ಟು.

1799ರಲ್ಲಿ ಕಥೆಯು ಮುಗಿಯಿತು. ಮುತ್ತಿಗೆಯ ಕಾಲವನ್ನು ನಿಶ್ಚಯಿಸಿದ್ದು ಮತ್ತೆ ಹೊಳೆಯೇ: ಮುಂಗಾರಿನ ನೀರು ಬರುವ ಮುನ್ನ ಕೋಟೆ ಬೀಳಬೇಕು, ಇಲ್ಲವೆ ದಂಡು ಹಿಂದಿರುಗಬೇಕು. ಮೇ 4ನೆಯ ತಾರೀಖು ನಡುಹಗಲು ಒಂದು ಗಂಟೆಯ ಸುಮಾರಿಗೆ ಸೈನಿಕರು ಬಂಡೆಗಳ ನಡುವಿನ ನೀರಿನಲ್ಲಿ ಇಳಿದು ಓಡಿ ಒಡೆದ ಗೋಡೆಯನ್ನು ಹತ್ತಿದರು. ಆ ಸುದ್ದಿಯು ಲಂಡನ್ನನ್ನು ಮುಟ್ಟಿದ ಮೇಲೆ, ಇನ್ನೂ ಇಪ್ಪತ್ತೈದು ದಾಟದ ರಾಬರ್ಟ್ ಕರ್ ಪೋರ್ಟರ್ ಎಂಬ ತರುಣನು 120 ಅಡಿ ಉದ್ದದ ಬಟ್ಟೆಯ ಮೇಲೆ ಆ ಲಗ್ಗೆಯನ್ನು ಬರೆದು 1800ರಲ್ಲಿ ಪ್ರದರ್ಶನಕ್ಕಿಟ್ಟನು. ಜನರು ಕಾಸು ಕೊಟ್ಟು ಬಂದು ನೋಡಿದರು. ಅದೇ ಸುಮಾರಿನಲ್ಲಿ ಟರ್ನರ್ ಎಂಬ ಮಹಾಕಲಾವಿದನೂ ಈ ಮುತ್ತಿಗೆಯ ಒಂದು ಜಲವರ್ಣಚಿತ್ರವನ್ನು ಬರೆದನು. ಇಬ್ಬರೂ ಕಾವೇರಿಯನ್ನು ಕಂಡವರಲ್ಲ. ಟರ್ನರನಂತಹ ನೀರಿನ ಉಪಾಸಕನಿಗೆ ನಮ್ಮ ಹೊಳೆಯು ದೊರೆತದ್ದು ಹೀಗೆ, ಹೊಗೆಯ ಮರೆಯಲ್ಲಿ, ಪರರ ಮಾತಿನಿಂದ. ಆತನು ಶಿವನಸಮುದ್ರಕ್ಕೆ ಒಮ್ಮೆ ಬಂದಿದ್ದರೆ ಎಂದು ನಾವು ಎಷ್ಟೋ ಸಲ ಅಂದುಕೊಂಡಿದ್ದೇವೆ.

ಈ ಚಿತ್ರಗಳನ್ನು ನಾವು ತೆಗಳುತ್ತಿಲ್ಲ. ಕನ್ನಂಬಾಡಿಯಲ್ಲಿ, ಎಂದರೆ ಕಾರ್ನ್‌ವಾಲಿಸನ ದಂಡು ಸೋತು ನಿಂತ ಎಡೆಯಲ್ಲಿಯೇ, 1911ರಲ್ಲಿ ಮೊದಲಾದ ಅಣೆಕಟ್ಟೆಯ ಕೆಲಸವು ಮುಗಿದ ಮೇಲೆ ಶ್ರೀರಂಗಪಟ್ಟಣದ ಕಾವೇರಿಯ ಏರಿಳಿತಗಳು ಹಳೆಯ ಏರಿಳಿತಗಳಾಗಿ ಉಳಿಯಲಿಲ್ಲ. ಕಟ್ಟೆಯಿಲ್ಲದ ಕಾಲದ ಹೊಳೆಯ ಪಾತ್ರವನ್ನು ಕಣ್ಣಿನಿಂದ ಅರಿಯಬೇಕಾದರೆ ಇಂದು ಈ ಸೈನಿಕರ ಚಿತ್ರಗಳನ್ನೇ ಆಶ್ರಯಿಸಬೇಕು. ಅಳತೆಗಾರನ ಕಣ್ಣಿಗೂ ತನ್ನದೊಂದು ಪ್ರಾಮಾಣಿಕತೆ ಉಂಟು. ದಾಟುವವನು ಬಂಡೆಯನ್ನು ಇಲ್ಲದ ಕಡೆ ಬರೆಯಲಾರನು.

ಇನ್ನು ನಮ್ಮ ಮಾವನವರ ಪಡಸಾಲೆಯ ಚಿತ್ರಕ್ಕೆ ಬರೋಣ. ಅದನ್ನು ಬರೆದಾತನು ನಿಂತ ಸ್ಥಳವು ಇವೆಲ್ಲಕ್ಕಿಂತಲೂ ಬೇರೆ.

ದೋಬಿನಿಯು 1817ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದನು. ತಂದೆಯೂ ಭೂದೃಶ್ಯಗಳನ್ನು ಬರೆಯುತ್ತಿದ್ದವನೇ. ಮಗುವನ್ನು ಕೆಲವು ವರ್ಷ ವಾಜ್ ಎಂಬ ನದಿಯ ಸೀಮೆಯ ವಾಲ್ಮೊಂದ್ವಾ ಗ್ರಾಮದಲ್ಲಿ ಒಬ್ಬ ದಾದಿಯ ಮನೆಯಲ್ಲಿಟ್ಟು ಸಾಕಿಸಿದರು. ಬಾಲ್ಯದಲ್ಲಿ ಕಂಡ ಆ ಹೊಳೆಯ ಸೀಮೆಯು ಆತನ ಮನಸ್ಸಿನಿಂದ ಅಳಿಯಲಿಲ್ಲ. ಆ ಕಾಲದ ಫ್ರೆಂಚ್ ಕಲಾಶಾಲೆಯಲ್ಲಿ ಚಿತ್ರಗಳಿಗೂ ಒಂದು ವರ್ಣಾಶ್ರಮವಿತ್ತು. ದೇವತೆಗಳೂ ವೀರರೂ ಇರುವ ಐತಿಹಾಸಿಕ ಚಿತ್ರವು ಮೇಲು. ಬರಿಯ ಗಿಡ, ಮರ, ನೀರು ಕೀಳು. ಭೂದೃಶ್ಯಕ್ಕಾಗಿ ರೋಮಾಪುರಿಯ ಬಹುಮಾನವನ್ನು ಆತನು ಹುಟ್ಟಿದ ವರ್ಷವೇ ಸ್ಥಾಪಿಸಿದರಾದರೂ, ಅದರಲ್ಲಿಯೂ ಪುರಾಣಪುರುಷನೊಬ್ಬನು ಮರದ ಕೆಳಗೆ ನಿಂತಿರಲೇಬೇಕಾಗಿತ್ತು. ದೋಬಿನಿಯು ಆ ಬಹುಮಾನಕ್ಕಾಗಿ ಯತ್ನಿಸಿ ಸೋತನು. ಹೊಟ್ಟೆಪಾಡಿಗೆ ಪುಸ್ತಕಗಳಿಗೆ ಚಿತ್ರ ಕೊರೆದುಕೊಡುತ್ತ ಬಹುಕಾಲವನ್ನು ಕಳೆದನು. ಇದರ ನಡುವೆ ಎರಡು ಅನುಕೂಲಗಳು ಒದಗಿದವು. 1841ರಲ್ಲಿ ಎಣ್ಣೆಬಣ್ಣವನ್ನು ತವರದ ಕೊಳವೆಯಲ್ಲಿ ತುಂಬುವ ಉಪಾಯವು ಹೊರಬಿದ್ದಿತು; ಬಣ್ಣವು ಮನೆಯಿಂದ ಹೊರಕ್ಕೆ ಹೊರಡಬಲ್ಲುದಾಯಿತು. 1846ರಲ್ಲಿ ವಾಜ್ ನದಿಯ ದಡಕ್ಕೆ ರೈಲು ಬಂದಿತು.

1857ರಲ್ಲಿ ಆತನು ಒಂದು ವಿಲಕ್ಷಣವಾದ ಕೆಲಸ ಮಾಡಿದನು. ತಳ ಚಪ್ಪಟೆಯಾದ ದೋಣಿಯೊಂದನ್ನು ಪಡೆದು, ಅದರ ಮೇಲೆ ಮರದ ಕೋಣೆಯನ್ನು ಕಟ್ಟಿಸಿ, ಅದನ್ನೇ ಚಿತ್ರಶಾಲೆಯನ್ನಾಗಿ ಮಾಡಿಕೊಂಡನು. ಅದು ಪುಟ್ಟ ಪೆಟ್ಟಿಗೆಯಂತಿದ್ದುದರಿಂದ ಬೋತ್ಯಾಂ ಎಂದು ಅದಕ್ಕೆ ಹೆಸರು. ಮಗ ಕಾರ್ಲನೇ ನಾವಿಕ. ಹಿರಿಯ ಚಿತ್ರಕಾರ ಕೊರೋ ಎಂಬಾತನಿಗೆ ವಿನೋದಕ್ಕಾಗಿ ನೌಕಾಧಿಪತಿಯೆಂಬ ಬಿರುದು. ಅಡಿಗೆಯ ಸಾಮಾನನ್ನೂ ಹಾಸಿಗೆಯನ್ನೂ ಹೇರಿಕೊಂಡು ವಾಜ್, ಸೇನ್ ನದಿಗಳ ಮೇಲೆ ವಾರಗಟ್ಟಲೆ ತೇಲುತ್ತ ಬರೆದನು. ಈ ಪ್ರಯಾಣದ ವಿನೋದಗಳನ್ನು ತಾನೇ ತಾಮ್ರದ ತಗಡಿನಲ್ಲಿ ಕೊರೆದು 1862ರಲ್ಲಿ ಒಂದು ಚಿತ್ರಮಾಲೆಯಾಗಿ ಪ್ರಕಟಿಸಿದನು. ಅದರ ಒಂದು ಹಾಳೆಯಲ್ಲಿ ದೋಣಿಯ ಒಳಗೆ ಕುಳಿತು ಬರೆಯುತ್ತಿರುವ ಚಿತ್ರಕಾರನ ಬೆನ್ನು ಕಾಣುತ್ತದೆ. ಎದುರಿನ ತೆರಪಿನಲ್ಲಿ ಹೊಳೆ. ಇನ್ನೊಂದರಲ್ಲಿ ಹೊಗೆದೋಣಿಯು ಹತ್ತಿರ ಹಾಯ್ದು, ಅದರ ಅಲೆಗೆ ಈ ಪೆಟ್ಟಿಗೆಯು ತತ್ತರಿಸುತ್ತದೆ. ನಮ್ಮ ಕಾವೇರಿ ತುಂಗಭದ್ರೆಗಳ ಹರಿಗೋಲಿನಲ್ಲಿ ಕುಳಿತು ಹೀಗೆ ಬರೆಯಬಹುದಾಗಿತ್ತೇ ಎಂದು ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದ್ದುಂಟು. ಅಂಬಿಗನು ಒಪ್ಪಿದರೂ ಹರಿಗೋಲು ಒಪ್ಪಲಾರದು. ಅದು ಗಿರಿಗಿರನೆ ತಿರುಗುತ್ತ, ಕುಳಿತವನಿಗೆ ನಾಲ್ಕು ದಿಕ್ಕನ್ನೂ ಒಂದೇ ನಿಮಿಷದಲ್ಲಿ ತೋರಿಸಿಬಿಡುತ್ತದೆ.

ದೋಣಿಯಲ್ಲಿ ಕುಳಿತುದರ ಫಲವೇನು? ಚಿತ್ರದ ಕೆಳ ಅಂಚನ್ನು ನೋಡಿದರೆ ಗೊತ್ತಾಗುತ್ತದೆ. ಹೋಮನ ಚಿತ್ರದ ಮುಂಭಾಗದಲ್ಲಿ ನೆಲವಿದೆ. ನಾವು ಕಾಲೂರಿ ನಿಲ್ಲಬಹುದು. ದೋಬಿನಿಯ ಎಷ್ಟೋ ಚಿತ್ರಗಳಲ್ಲಿ ನೀರು ಕೆಳ ಅಂಚಿನಿಂದಲೇ ಮೊದಲಾಗುತ್ತದೆ. ಕಾಲಿಡಲು ನೆಲವೇ ಇಲ್ಲ. ಆತನ ದೃಷ್ಟಿಯ ಎತ್ತರವು ನೀರಿನ ಮೇಲೆ ಒಂದೆರಡು ಗಜ ಮಾತ್ರ. ಆ ಎತ್ತರದಿಂದ ನೋಡಿದರೆ ದಡಗಳು ತಗ್ಗಿ ದೂರ ಸರಿಯುತ್ತವೆ, ಬಾನು ದೊಡ್ಡದಾಗುತ್ತದೆ, ನೀರು ಅದನ್ನು ಹಿಡಿದುಕೊಳ್ಳುತ್ತದೆ. ದಾಟಬೇಕಾದ ಆಚೆಯ ದಡವೂ ಇಲ್ಲ, ಹಿಡಿಯಬೇಕಾದ ಕೋಟೆಯೂ ಇಲ್ಲ. ಬಾತುಕೋಳಿಗಳು, ನೀರಿಗಿಳಿದ ದನಗಳು, ಬಟ್ಟೆ ಒಗೆಯುವ ಹೆಂಗಸರು. ಇವರೇ ಆತನ ವೀರರು. ಇಂತಹ ಚಿತ್ರದಲ್ಲಿ ಮುಗಿಸಿದ ಲಕ್ಷಣವಿಲ್ಲವೆಂದೂ ಪ್ರಥಮಸಂಸ್ಕಾರಕ್ಕೇ ತೃಪ್ತಿಪಟ್ಟುಕೊಂಡಿದ್ದಾನೆಂದೂ ವಿಮರ್ಶಕ ಗೋತಿಯೆಯು 1861ರಲ್ಲಿ ಆಕ್ಷೇಪಿಸಿದನು. ಕೆಲವೇ ವರ್ಷಗಳಲ್ಲಿ ಆ ಆಕ್ಷೇಪಣೆಯೇ ಒಂದು ಪಂಥದ ಹೆಸರಾಯಿತೆಂಬುದನ್ನು ಕಲೆಯ ಚರಿತ್ರೆಯನ್ನು ಓದಿದವರು ಬಲ್ಲರು. ಆ ಪಂಥದ ತರುಣರಿಗೆ ದೋಬಿನಿಯು ಮಾಡಿದ ಉಪಕಾರವು ಸಣ್ಣದಲ್ಲ. ಸಲೋನ್ ಎಂಬ ಸರಕಾರಿ ಪ್ರದರ್ಶನದ ಪರೀಕ್ಷಕಮಂಡಲಿಯಲ್ಲಿ ಅವರ ಪರವಾಗಿ ವಾದಿಸಿದನು. 1870ರಲ್ಲಿ ಮೊನೆಯ ಚಿತ್ರವನ್ನು ತಿರಸ್ಕರಿಸಿದಾಗ ಆ ಸ್ಥಾನಕ್ಕೇ ರಾಜೀನಾಮೆಯಿತ್ತನು. ಅದೇ ವರ್ಷದ ಯುದ್ಧದಲ್ಲಿ ಇಬ್ಬರೂ ಲಂಡನ್ನಿಗೆ ಹೋಗಿದ್ದಾಗ ಮೊನೆಗೆ ಒಬ್ಬ ಚಿತ್ರವ್ಯಾಪಾರಿಯ ಪರಿಚಯ ಮಾಡಿಸಿ ಅನ್ನದ ದಾರಿ ತೋರಿಸಿದನು. ಮುಂದೆ ಮೊನೆಯೂ ದೋಣಿಯ ಚಿತ್ರಶಾಲೆಯನ್ನು ಕಟ್ಟಿಕೊಂಡನು. ಅದರಲ್ಲಿ ಕುಳಿತ ಮೊನೆಯನ್ನು ಮಾನೆ ಎಂಬ ಗೆಳೆಯನು 1874ರಲ್ಲಿ ಚಿತ್ರಿಸಿದನು.

ಇಷ್ಟನ್ನು ಓದಿ ತಿಳಿದ ಮೇಲೆ, ನೀರನ್ನು ಅಳೆಯದೆ ನೋಡಬಲ್ಲವನಿಗೆ ಮಾತ್ರ ನದಿಯ ಚಿತ್ರವು ಒಲಿಯುತ್ತದೆಂದು ನಾವು ತೀರ್ಮಾನಿಸಿದ್ದೆವು. ವಾಜ್ ನದಿಯು ಬತ್ತುವುದಿಲ್ಲ. ಆದುದರಿಂದ ದೋಬಿನಿಗೆ ಬಿಡುವು. ವೇದಾವತಿಯು ಬತ್ತುತ್ತದೆ, ಆದುದರಿಂದ ಮಾವನವರಿಗೆ ತೂಬಿನ ಚಿಂತೆ. ಈ ತೀರ್ಮಾನವನ್ನು ತರಗತಿಯಲ್ಲಿ ಎರಡು ವರ್ಷ ಹೇಳಿಯೂ ಹೇಳಿದೆವು.

ಅದು ತಪ್ಪು. ವಾಜ್ ನದಿಯು ನಾವು ತಿಳಿದಂತೆ ತನ್ನಷ್ಟಕ್ಕೆ ಹರಿಯುವ ಹೊಳೆಯಾಗಿರಲಿಲ್ಲ. ಸರಕಿನ ದೋಣಿಗಳು ವರ್ಷವೆಲ್ಲ ಓಡಾಡಲೆಂದು ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿಯೇ ಅಲ್ಲಲ್ಲಿ ಒಡ್ಡುಗಳನ್ನೂ ನೀರುಬಾಗಿಲುಗಳನ್ನೂ ಕಟ್ಟಿ ಅದರ ಮಟ್ಟವನ್ನು ಎತ್ತಿ ನಿಲ್ಲಿಸಿದ್ದರು. ದೋಬಿನಿಯ ಚಿತ್ರಗಳಲ್ಲಿ ನೀರು ಅಷ್ಟು ಶಾಂತವಾಗಿ, ಕನ್ನಡಿಯಂತೆ ನಿಂತಿರುವುದಕ್ಕೆ ಕುಂಚದ ಮಹಿಮೆಯೊಂದೇ ಕಾರಣವಲ್ಲ. ಇಂಜಿನಿಯರನ ಒಡ್ಡೂ ಕಾರಣ. “ಇದು ನಿಂತಂಗೈತೆ” ಎಂದು ಭರಮಸಾಗರದ ರೈತನು ಒಂದೇ ನೋಟಕ್ಕೆ ಕಂಡುದನ್ನು, ಆಂಗ್ಲಭಾಷೆಯಲ್ಲಿ ಪದವಿ ಪಡೆದ ನಾವು ಪುಸ್ತಕಗಳ ಮೂಲಕ ಬಳಸಿಕೊಂಡು ಬಂದು ಕಾಣಬೇಕಾಯಿತು. ಅಷ್ಟೇ ಅಲ್ಲ. ದೋಬಿನಿಗೆ ಮೊದಲು ಕೀರ್ತಿಯನ್ನು ತಂದುಕೊಟ್ಟ ಚಿತ್ರಗಳಲ್ಲಿ ಒಂದನ್ನು ಫ್ರೆಂಚ್ ಸರಕಾರವು 1855ರಲ್ಲಿ ಕೊಂಡಿತು. ಅದರ ವಿಷಯವು ಯಾವುದೆಂದರೆ, ಒಪ್ತೆವೋ ಎಂಬ ಕಣಿವೆಯ ಹಳ್ಳಿಯ ನೀರುಬಾಗಿಲು. ನಮ್ಮ ಮಾತಿನಲ್ಲಿ ತೂಬು. ಬಂಡೆಗಳ ನಡುವಿನ ಸಣ್ಣ ಕಟ್ಟೆ, ಅದರ ಹಿಂದೆ ನಿಂತ ನೀರು. ಅದೇ ವಿಷಯವನ್ನು ಆತನು 1859ರಲ್ಲಿ ಮತ್ತೊಮ್ಮೆ ಬರೆದನು.

ಎಂದಮೇಲೆ ಅಳೆಯುವ ಕಣ್ಣಿಗೂ ಕಾಣುವ ಕಣ್ಣಿಗೂ ನಾವು ಹಾಕಿದ್ದ ಗೋಡೆಯು ನಿಲ್ಲಲಾರದು. ನಮ್ಮ ನಾಡಿನದೇ ಇನ್ನೊಂದು ನಿದರ್ಶನವನ್ನು ಹೇಳಬಹುದು. ಮೈಸೂರು ಆಸ್ಥಾನದ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದ ಕೆ. ವೆಂಕಟಪ್ಪನವರು 1926ರ ಸುಮಾರಿನಲ್ಲಿ ಉದಕಮಂಡಲ, ಕೊಡೈಕಾನಲ್‌ಗಳ ಬೆಟ್ಟಗಳಲ್ಲಿ ಕುಳಿತು ಜಲವರ್ಣದ ಭೂದೃಶ್ಯಗಳನ್ನು ಬರೆದರು. ದೇವತೆಯಾಗಲಿ ವೀರನಾಗಲಿ ಇಲ್ಲದೆ, ಬೆಳಕು, ಮಂಜು, ನಿಂತ ನೀರು ಇವನ್ನೇ ಬರೆದ ಮೊದಲ ಕನ್ನಡಿಗರಲ್ಲಿ ಅವರೂ ಒಬ್ಬರು. ಅವರು ಬರೆದ ಕೊಡೈಕಾನಲಿನ ಸರೋವರವಾದರೂ ಪ್ರಕೃತಿಯು ಇಟ್ಟುದಲ್ಲ. 1863ರಲ್ಲಿ ಮಧುರೆಯ ಕಲೆಕ್ಟರನಾಗಿದ್ದ ಲೆವಿಂಜ್ ಎಂಬಾತನು ತೊರೆಗೆ ಏರಿ ಹಾಕಿಸಿ ಮಾಡಿದ ಕೆರೆ. ವೆಂಕಟಪ್ಪನವರು ದೋಬಿನಿಯ ಶಿಷ್ಯರಲ್ಲ. ಅವರ ಗೆರೆಯ ಸೂಕ್ಷ್ಮತೆಗೂ ಆತನ ಅಗಲವಾದ ಕುಂಚಕ್ಕೂ ಹೋಲಿಕೆಯೇ ಇಲ್ಲ. ನೀರಿನ ಮುಂದೆ ಕಾದು ಕುಳಿತುಕೊಳ್ಳುವ ತಾಳ್ಮೆಯಲ್ಲಿ ಮಾತ್ರ ಇಬ್ಬರೂ ಒಂದೇ ಕುಲದವರು.

ಹಾಗೆ ನೋಡಿದರೆ ಭರಮಸಾಗರದ ಏರಿಯ ಮೇಲೆ ಮುನ್ನೂರು ವರ್ಷಗಳಿಂದ ಜನರು ಕಾದು ಕುಳಿತೇ ಇದ್ದರು. ಕುಂಚವನ್ನು ಹಿಡಿದವರು ಮಾತ್ರ ಆ ಕಡೆಗೆ ಸುಳಿಯಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದ ದುರ್ಗದವರಲ್ಲಿಯೂ ಯಾರೋ ಒಬ್ಬ ಮುದುಕನು ಸಂಜೆ ಸ್ನಾನಘಟ್ಟದಲ್ಲಿ ಕುಳಿತು, ಇಷ್ಟು ನೀರು ನಮ್ಮೂರಿನ ಕೆರೆಯಲ್ಲಿದ್ದಿದ್ದರೆ ಎಂದು ಕಣ್ಣಿನಲ್ಲಿಯೇ ಅಳೆದಿದ್ದಿರಬೇಕು. ಹೋಮನು ಆಚೆಯ ದಡದಿಂದ ನೋಡಿದ ಹೊಳೆಗಿಂತ ಆ ಹೊಳೆ ಬೇರೆಯದು. ಅದನ್ನು ಬರೆಯುವವರು ಯಾರೂ ಇರಲಿಲ್ಲ.

ಭರಮಸಾಗರದ ಕೆರೆಯು ಬಹು ವರ್ಷ ಒಣಗಿಯೇ ಇದ್ದಿತು. ಈಚೆಗೆ ತುಂಗಭದ್ರೆಯ ನೀರನ್ನು ಯಂತ್ರಗಳಿಂದ ಎತ್ತಿ ಕೊಳವೆಗಳ ಮೂಲಕ ತಂದು ಅದಕ್ಕೆ ಬಿಟ್ಟಿದ್ದಾರೆ. ನೀರು ಬಂದ ಮೇಲೆ ನಾವು ಒಮ್ಮೆ ಅಲ್ಲಿಗೆ ಹೋಗಿದ್ದೆವು. ಮಾವನವರು ಕೋಲೂರಿಕೊಂಡು ನಮ್ಮನ್ನು ಏರಿಯ ಮೇಲೆ ಕರೆದುಕೊಂಡು ಹೋದರು. ಸಂಜೆಯ ಹೊತ್ತು, ಗಾಳಿಯಿರಲಿಲ್ಲ. ಒಪ್ತೆವೋದ ತೂಬಿನ ಸಂಗತಿಯನ್ನು ಅವರಿಗೆ ಹೇಳಿ, ಅಂದು ನಕ್ಕುದಕ್ಕೆ ಕ್ಷಮಿಸಬೇಕೆಂದೆವು. ಅವರು ಅದನ್ನು ಮರೆತೇ ಬಿಟ್ಟಿದ್ದರು. “ತೂಬು ಇಲ್ದೆ ನೀರು ಎಲ್ಲಿ ನಿಲ್ತೈತಪ್ಪಾ” ಎಂದರು. ಆಮೇಲೆ ಬಹಳ ಹೊತ್ತು ಏನೂ ಹೇಳದೆ ನೀರನ್ನು ನೋಡುತ್ತಿದ್ದರು. ಎಷ್ಟು ಅಡಿಯಿದೆಯೆಂದು ನಾವೇ ಕೇಳಿದೆವು. ಉತ್ತರ ಬರಲಿಲ್ಲ.

ಮನೆಗೆ ಬಂದು ನೋಡಿದರೆ ಆ ಚಿತ್ರವು ಪಡಸಾಲೆಯಲ್ಲಿ ದೇವರ ಪಟಗಳ ಸಾಲಿನಲ್ಲಿಯೇ ಇತ್ತು. ಅದರ ಚೌಕಟ್ಟಿನ ಪಕ್ಕದಲ್ಲಿ, ಕೆರೆಗೆ ನೀರು ಬಂದ ದಿನದ ತಾರೀಖನ್ನು ಸುಣ್ಣದ ಗೋಡೆಯ ಮೇಲೆ ಇದ್ದಲಿನಿಂದ ಬರೆದಿದ್ದರು.